ಶುಭ ಶುಕ್ರವಾರದ ಕೋಳಿಸಾರು

ಗಾಳಿ ಚರ್ಚಿನ ಕಡೆಗೇ ಬೀಸುತ್ತಿದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಲೂರ್ದಮ್ಮ ಕಾದ ಎಣ್ಣೆಗೆ ಬೆಳ್ಳುಳ್ಳಿ ಹಾಕಿದಳು. ಒಲೆಯನ್ನು ಬೇಕೆಂದೇ ಅಂಗಳಕ್ಕೆ ತಂದಿದ್ದಳು. ಒಳಗೆ ಗ್ಯಾಸ್ ಇತ್ತು, ಸಿಲಿಂಡರ್ ತುಂಬಿಯೇ ಇತ್ತು. ಆದರೆ ಒಳಗೆ ಬೇಯಿಸಿದ ಸಾರಿನ ವಾಸನೆ ಒಳಗೇ ಉಳಿದರೆ ಯಾರಿಗೆ ಏನು ಬಂತು? ಮೂರು ಕಲ್ಲು ಹೂಡಿ, ಸೌದೆ ಉರಿ ಹಾಕಿ, ಅಗಲ ಬಾಯಿಯ ಪಾತ್ರೆಯಲ್ಲಿ ನಾಟಿ ಹುಂಜದ ಸಾರು ಮಾಡುತ್ತಿದ್ದಳು. ಅವತ್ತು ಶುಭ ಶುಕ್ರವಾರ, ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ, ಮಾಂಸ ಮುಟ್ಟಬಾರದ ದಿನ. ಕೊಪ್ಪಲಿನ ಕ್ರೈಸ್ತರ ಮನೆಗಳಲ್ಲೆಲ್ಲ ಒಲೆ ತಣ್ಣಗಿತ್ತು.

ಈ ಸಾರನ್ನು ಅವಳು ವರ್ಷಕ್ಕೊಮ್ಮೆ ಮಾಡುತ್ತಾಳೆ. ಕ್ರಿಸ್ಮಸ್ಸಿಗೆ ಇಲ್ಲ, ಯೇಸು ಮರಳಿ ಎದ್ದ ಪಾಸ್ಕ ಹಬ್ಬಕ್ಕೂ ಇಲ್ಲ. ಶುಭ ಶುಕ್ರವಾರ ಬಂತೆಂದರೆ ಮಾತ್ರ ಟಿ. ನರಸೀಪುರಕ್ಕೆ ಹೋಗಿ, ಒಳ್ಳೆಯ ಹುಂಜ ಆರಿಸಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರುತ್ತಾಳೆ. ಅವಳ ಅಂಗಳಕ್ಕೂ ಚರ್ಚಿಗೂ ನಡುವೆ ಇರುವುದು ಒಂದು ಕಿರುದಾರಿ, ಒಂದು ಮೋಟುಗೋಡೆ. ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಮಂಡಿಯೂರಿ ಕುಳಿತವರ ಮೂಗಿಗೆ ಲವಂಗ, ಚಕ್ಕೆ, ಹುರಿದ ಕೊಬ್ಬರಿಯ ವಾಸನೆ ನೇರವಾಗಿ ಹೋಗುತ್ತದೆ. ಒಳಗಿನ ಹಾಡು ಒಂದು ಕ್ಷಣ ತಡವರಿಸಿದ್ದು ಕೇಳಿ ಅವಳಿಗೆ ಹಾಯೆನಿಸಿತು.

"ಯಾಕವ್ವ ಇಂಗ್ ಮಾಡ್ತೀಯ? ವರ್ಸುಕ್ಕೊಂದಿನ ತಡ್ಕಳಕ್ಕಾಗಲ್ವಾ?" ಎಂದಳು ಪಕ್ಕದ ಮನೆಯ ಮಾದಮ್ಮ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ಅವಳು ಕ್ರೈಸ್ತಳಲ್ಲ, ಆದರೂ ಆ ಬೀದಿಯಲ್ಲೇ ಇದ್ದೂ ಇದ್ದೂ ಯಾವ ದಿನ ಯಾರು ಉಪವಾಸ ಎಂಬುದು ಅವಳಿಗೆ ಗೊತ್ತು. "ನಿಮ್ಮೋರೆಲ್ಲ ಉಪಾಸ ಕುಂತವ್ರೆ. ನಿನ್ ಗಂಡನೂ ಅಲ್ಲೇ ಅವ್ನೆ."

"ಅದುಕ್ಕೇ ಕಣಕ್ಕ ಮಾಡ್ತಿರಾದು. ಚೌರಪ್ಪಂಗೂ ಮೂಗದೆ, ವಾಸ್ನೆ ಕುಡೀಲಿ."

ನಿಜ ಹೇಳಬೇಕೆಂದರೆ ಅಲ್ಲಿ ಕುಳಿತ ಅಷ್ಟೂ ಜನರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಮೂಗು, ಒಂದೇ ಹೊಟ್ಟೆ. ಅದು ಉಪದೇಶಿ ಇನ್ನಾಸಪ್ಪನದು. ಕೊಪ್ಪಲಿಗೆ ಸ್ವಂತ ಗುರುಗಳಿಲ್ಲ. ಟಿ. ನರಸೀಪುರದ ಕಡೆಯಿಂದ ಸ್ವಾಮಿಗಳು ಭಾನುವಾರ, ವಿಶೇಷ ದಿನಗಳಲ್ಲಿ ಬಂದು ಬಲಿಪೂಜೆ ಮುಗಿಸಿ ಹೋಗುತ್ತಾರೆ. ಉಳಿದ ದಿನ ಪ್ರಾರ್ಥನೆ ನಡೆಸುವುದು, ಮಕ್ಕಳಿಗೆ ಧರ್ಮದ ಪಾಠ ಬಾಯಿಪಾಠ ಮಾಡಿಸುವುದು, ಸತ್ತವರಿಗೆ ಗುಂಡಿ ಎಲ್ಲಿ ತೋಡಬೇಕೆಂದು ತೋರಿಸುವುದು ಎಲ್ಲ ಇನ್ನಾಸಪ್ಪನೇ. ಮನುಷ್ಯ ಕೆಟ್ಟವನಲ್ಲ, ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ. ಒಂದು ನೇಮ ಅಂದರೆ ಅದನ್ನು ಹಿಡಿದುಕೊಂಡು ಊರನ್ನೇ ಅರೆಯುತ್ತಾನೆ, ಅಷ್ಟೆ.

ಲೂರ್ದಮ್ಮನಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಒಂದು ಗಂಡುಕೂಸು ಹುಟ್ಟಿತ್ತು. ಹುಟ್ಟಿದ್ದು ತಪಸ್ಸುಕಾಲದಲ್ಲಿ, ಪಾಸ್ಕ ಹಬ್ಬಕ್ಕೆ ಮುಂಚಿನ ಉಪವಾಸದ ವಾರಗಳಲ್ಲಿ. ಕೂಸಿಗೆ ಜ್ವರ ಏರಿದ ಬೆಳಿಗ್ಗೆ ನಂಜನಗೂಡಿನ ಆಸ್ಪತ್ರೆಗೆಂದು ಆಟೋ ಹತ್ತಿದವಳು ಜೀವ ತಡೆಯದೆ ಇನ್ನಾಸಪ್ಪನ ಬಾಗಿಲಲ್ಲಿ ಇಳಿದಳು. "ಜ್ಞಾನಸ್ನಾನ ಕೊಟ್ಬುಡಿ ಉಪದೇಶಿಗಳೇ, ಸ್ವಾಮಿಗಳು ಊರಲ್ಲಿಲ್ವಂತೆ" ಎಂದು ಕೇಳಿಕೊಂಡಳು. ತಲೆಗೆ ನೀರು ಹೊಯ್ದು ಪ್ರಾರ್ಥಿಸಿದರೆ ಕೂಸು ಕ್ರೈಸ್ತನಾದಂತೆ, ಅದಾಗದೆ ಜೀವ ಹೋಗಬಾರದೆಂಬುದು ಅವಳ ಭಯ. ಅವನು ಕೂಸಿನ ಹಣೆ ಮುಟ್ಟಿ ನೋಡಿ, "ತಪಸ್ಸುಕಾಲದಲ್ಲಿ ಜ್ಞಾನಸ್ನಾನ ಇಲ್ಲ ಕಣಮ್ಮ. ಬರೀ ಜ್ವರ, ಹುಷಾರಾಯ್ತದೆ. ಹಬ್ಬ ಆಗ್ಲಿ, ಸ್ವಾಮಿಗಳೇ ಕೊಡ್ತಾರೆ" ಎಂದಿದ್ದ. ಆಟೋ ನಂಜನಗೂಡಿನ ಸೇತುವೆ ಮುಟ್ಟುವ ಮೊದಲೇ ಕೂಸು ತಣ್ಣಗಾಯಿತು.

ಸಂಜೆ ಬಟ್ಟೆಯಲ್ಲಿ ಸುತ್ತಿ ತಂದಾಗ ಸ್ಮಶಾನದ ಗೇಟಿಗೆ ಅಡ್ಡ ನಿಂತವನೂ ಅವನೇ. ಜ್ಞಾನಸ್ನಾನವಾಗದ ಕೂಸು, ಮಂತ್ರಿಸಿದ ಮಣ್ಣಿನಲ್ಲಿ ಹೂಳುವಂತಿಲ್ಲ ಎಂದ. ಕೊಡದವನೂ ನೀನೇ, ಆಗಿಲ್ಲ ಅನ್ನುವವನೂ ನೀನೇ ಎಂದು ಕೇಳಲು ಅವಳಿಗೆ ಅವತ್ತು ನಾಲಿಗೆ ಏಳಲಿಲ್ಲ. ಚೌರಪ್ಪ ತಲೆ ತಗ್ಗಿಸಿ ನಿಂತ. ಕೊನೆಗೆ ಮಾದಮ್ಮ, "ಅಯ್ಯೊ ಬನ್ರವ್ವ, ನಮ್ಮ ವಲದ ಬದು ಅದೆಯಲ್ಲ" ಎಂದು ನಾಲೆಯ ಪಕ್ಕದ ತನ್ನ ಹೊಲಕ್ಕೆ ಕರೆದುಕೊಂಡು ಹೋಗಿ ಹೂಳಿಸಿದಳು. ಸುದ್ದಿ ತಿಳಿದು ಓಡಿಬಂದ ಸ್ವಾಮಿಗಳು ಇನ್ನಾಸಪ್ಪನಿಗೆ ಎಲ್ಲರೆದುರು ಬೈದರು, ಇಂಥ ನೇಮ ನಿನಗೆ ಯಾರು ಹೇಳಿದರು ಎಂದರು, ಆ ಬದುವಿನಲ್ಲೇ ನಿಂತು ಪ್ರಾರ್ಥನೆ ಮಾಡಿ ಕಣ್ಣೊರೆಸಿಕೊಂಡರು. ಇನ್ನಾಸಪ್ಪ ಮಾತ್ರ ಬದುವಿನ ಕಡೆ ಸುಳಿಯಲಿಲ್ಲ. ಅವತ್ತಿನಿಂದ ಲೂರ್ದಮ್ಮ ಚರ್ಚಿನ ಮೆಟ್ಟಿಲು ಹತ್ತಿಲ್ಲ. ಅವಳಿಗಿದ್ದ ಆಸೆ ಒಂದೇ. ಇವನ ಯಾವುದಾದರೂ ಒಂದು ನೇಮ ಮುರಿಯಬೇಕು, ಅದು ಇಡೀ ಕೊಪ್ಪಲಿಗೆ ಕಾಣಬೇಕು, ಇವನೂ ಒಂದು ಗೇಟಿನ ಹೊರಗೆ ನಿಲ್ಲಬೇಕು.

ಸಾರು ಕುದಿ ಬಂದಿತ್ತು. ಲೂರ್ದಮ್ಮ ಅನ್ನ ಬಸಿದು ಬರುವಷ್ಟರಲ್ಲಿ ಅಂಗಳದಲ್ಲಿ ಇನ್ನಾಸಪ್ಪ ನಿಂತಿದ್ದ. ಬಿಳಿ ಪಂಚೆ, ಬಿಳಿ ಶರ್ಟು, ಬಿಳಿ ಮೀಸೆ. ಶರ್ಟು ಬೆವರಿಗೆ ಮೈಗಂಟಿಕೊಂಡಿತ್ತು.

"ಲೂರ್ದು, ನಿಲ್ಸು ಇದ. ಒಳಗೆ ಜನ ಮಂಡಿ ಊರವ್ರೆ. ಮಕ್ಕಳ ಮನಸ್ಸೆಲ್ಲ ಇಲ್ಲೇ ಅದೆ."

"ಮಕ್ಕಳ ಮನಸ್ಸೋ ನಿಮ್ಮದೋ?" ಅವಳು ಸೌಟು ಕೆಳಗಿಡಲಿಲ್ಲ. "ನನ್ನ ಅಂಗಳ, ನನ್ನ ಹುಂಜ. ನಿಮ್ಮ ಗೋಡೆ ಒಳಗೆ ನಿಮ್ಮ ನೇಮ ಮಡಿಕಳಿ ಉಪದೇಶಿಗಳೇ."

"ನರಕಕ್ಕೆ ಓಗ್ತೀಯ."

"ಓದ್ರೆ ಅಲ್ಲಿ ನನ್ ಕೂಸು ಸಿಕ್ತದಾ? ನೀವೇ ಏಳ್ಬೇಕು. ಗೇಟ್ ಹಾಕ್ದೋರು ನೀವಲ್ವಾ."

ಇನ್ನಾಸಪ್ಪ ಏನೋ ಹೇಳಲು ಹೋದ. ಮಾತು ಸರಿಯಾಗಿ ಹೊರಡಲಿಲ್ಲ. ತುಟಿ ಬೆಳ್ಳಗಾಗಿತ್ತು, ಕೈಬೆರಳು ನಡುಗುತ್ತಿತ್ತು. "ಸಾಲಾಗಿ ನಿಂತ್ಕಳಿ" ಎಂದ, ಯಾರಿಗೋ. "ಮಾತಾಡ್ಬಾರ್ದು." ಅಷ್ಟು ಹೇಳಿ ಗೋಡೆಗೆ ಕೈಯಿಟ್ಟವನು ಹಾಗೇ ಜಾರಿ ಕೆಳಗೆ ಕುಳಿತುಬಿಟ್ಟ.

ಮಾದಮ್ಮ ಸೊಪ್ಪು ಬಿಟ್ಟು ಎದ್ದು ಬಂದಳು. "ಅಯ್ಯೊ, ಇವ್ರಿಗೆ ಸಕ್ರೆ ಕಾಯ್ಲೆ ಅಲ್ವಾ? ಬೆಳಿಗ್ಗಿಂದ ಏನಾರ ಉಂಡಿದ್ದೀರಾ ಅಯ್ನೋರೆ?"

"ಮಾತ್ರೆ ತಕ್ಕಂಡಿವ್ನಿ" ಎಂದ ಇನ್ನಾಸಪ್ಪ, ಕಣ್ಣು ಎಲ್ಲೋ ಇಟ್ಟು. "ಮಾತ್ರೆಗೆ ಒಪ್ಪೊತ್ತು ಮುರಿಯಲ್ಲ. ಊಟಕ್ಕೆ ಮುರೀತದೆ."

ಲೂರ್ದಮ್ಮನಿಗೆ ನಗು ಬಂತು. ಇವನ ಬುದ್ಧಿಯೇ ಇಷ್ಟು. ವಯಸ್ಸಾದವರಿಗೆ, ಕಾಯಿಲೆಯವರಿಗೆ ಒಪ್ಪೊತ್ತಿನ ಉಪವಾಸ ಬೇಡವೆಂದು ಸ್ವಾಮಿಗಳು ಪ್ರತಿ ವರ್ಷ ಸಾರಿ ಹೇಳುತ್ತಾರೆ. ಇವನು ಅದನ್ನು ಬಿಟ್ಟು, ಮಾತ್ರೆ ನುಂಗಬಹುದು ಅನ್ನ ನುಂಗಬಾರದು ಎಂದು ನೇಮದ ಲೆಕ್ಕ ಹಾಕಿ, ಸಕ್ಕರೆ ಇಳಿಸುವ ಮಾತ್ರೆಯನ್ನು ಬರಿಹೊಟ್ಟೆಗೆ ಹಾಕಿಕೊಂಡು ಕುಳಿತಿದ್ದಾನೆ.

"ನಮ್ಮಣ್ಣನೂ ಇಂಗೇ ಬಿದ್ದೋಗಿದ್ದ. ಬಾಯ್ಗೆ ಸಕ್ರೆ ನೀರು ಬುಡವ್ವ, ಬಿರ್ನೆ. ಆಮೇಕೆ ಅನ್ನ ಉಣ್ಸು" ಎಂದಳು ಮಾದಮ್ಮ. "ನಾನು ಚರ್ಚ್ನೋರ್ನ ಕೂಗ್ತೀನಿ."

"ಚರ್ಚ್ನೋರು ಬ್ಯಾಡ. ರೋಡಿಗೋಗಿ ರಘು ಆಟೋ ಕರ್ಕಂಡ್ ಬಾ ಅಕ್ಕ. ನೀರು ನಾನು ಕೊಡ್ತೀನಿ."

ಮಾದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಲೂರ್ದಮ್ಮ ಒಳಗೆ ಹೋಗಿ ಚೊಂಬಿನಲ್ಲಿ ನೀರು ತುಂಬಿಕೊಂಡು ಸಕ್ಕರೆ ಸುರಿದು ಕಲಕಿದಳು. ಅವಸರ ಮಾಡಲಿಲ್ಲ. ಬಂದು ಅವನ ಎದುರು ಕುಕ್ಕರಗಾಲಲ್ಲಿ ಕುಳಿತು ಚೊಂಬನ್ನು ತುಟಿಯ ಹತ್ತಿರ ಹಿಡಿದಳು. ಇನ್ನಾಸಪ್ಪ ಹಲ್ಲು ಕಚ್ಚಿ ಮುಖ ತಿರುಗಿಸಿದ.

"ಮೂರು ಗಂಟೆ ಆಗಿಲ್ಲ. ಅಲ್ಲೀಗಂಟ ಒಪ್ಪೊತ್ತು."

ಅವಳು ಚೊಂಬನ್ನು ಹಿಂದಕ್ಕೆ ತೆಗೆದುಕೊಂಡಳು. ಆಗ ಅವಳಿಗೆ ಎಲ್ಲ ಎಷ್ಟು ಸಲೀಸಾಗಿದೆ ಎಂದು ಹೊಳೆಯಿತು. ತಾನು ಏನೂ ಮಾಡಬೇಕಾಗಿಲ್ಲ. ಕೊಟ್ಟೆ, ಕುಡಿಯಲಿಲ್ಲ ಎಂದರೆ ಮುಗಿಯಿತು, ಯಾರೂ ಬೆರಳು ತೋರಿಸುವ ಹಾಗಿಲ್ಲ. ಅವನ ನೇಮವೇ ಅವನ ಕುತ್ತಿಗೆ ಹಿಸುಕುತ್ತದೆ, ಇವಳು ಕುಳಿತು ನೋಡಿದರೆ ಸಾಕು. ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಅವಳು ನೋಡಿದಳು. ಅವನ ತಲೆ ಒಂದು ಕಡೆ ವಾಲಿತು, ಮತ್ತೆ ಎದ್ದಿತು. ನೋಡುವುದಕ್ಕೆ ಚೆನ್ನಾಗಿತ್ತು. ಬಾಯಿ ಒಣಗಿಸಿಕೊಂಡು ತೋಳಿನಲ್ಲಿ ಮಲಗಿದ್ದ ಕೂಸನ್ನು ನೆನೆಸಿಕೊಂಡು, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಿ ಅಂದುಕೊಂಡಳು.

"ಉಪದೇಶಿ" ಎಂದಳು. 'ಗಳೇ' ಎಂಬ ಮರ್ಯಾದೆ ಉದುರಿಹೋಗಿತ್ತು. "ಒಂದು ಪ್ರಶ್ನೆ ಕೇಳ್ತೀನಿ, ಉತ್ರ ಏಳು. ಜ್ಞಾನಸ್ನಾನ ಯಾರು ಕೊಡ್ಬೋದು?"

ಪ್ರಶ್ನೆ ಕಿವಿಗೆ ಬಿದ್ದದ್ದೇ ಇನ್ನಾಸಪ್ಪನ ಬೆನ್ನು ಗೋಡೆಯ ಮೇಲೆ ನೆಟ್ಟಗಾಯಿತು. ಭಾನುವಾರದ ಪಾಠದ ರಾಗದಲ್ಲಿ, ಅರ್ಧ ನಾಲಿಗೆಯಲ್ಲಿ ಒಪ್ಪಿಸತೊಡಗಿದ. "ಗುರುಗಳು ಕೊಡಬಹುದು. ಪ್ರಾಣಾಪಾಯದಲ್ಲಿ... ಯಾರು ಬೇಕಾದರೂ ಕೊಡಬಹುದು. ಗಂಡಸರು, ಹೆಂಗಸರು, ಬೇರೆ ಧರ್ಮದವರು. ಯಾವ ಕಾಲದಲ್ಲೇ ಆಗಲಿ. ನೀರಿದ್ದರೆ ಸಾಕು." ಆಮೇಲೆ ಅವಳ ಮುಖ ನೋಡಿ, "ಸರಿಯಾಗಿ ಉತ್ರ ಏಳ್ದೆ ಲೂರ್ದು. ಕುಂತ್ಕೊ" ಎಂದ.

ಲೂರ್ದಮ್ಮನ ಮೈ ಬಿಸಿಯೇರಿತು. ಚಿಕ್ಕವಳಿದ್ದಾಗ ಇದೇ ಪ್ರಶ್ನೆಗೆ ಇದೇ ಉತ್ತರ ಒಪ್ಪಿಸಿ ಇವನಿಂದಲೇ ಭೇಷ್ ಅನ್ನಿಸಿಕೊಂಡಿದ್ದಳು. ಬಾಯಿಪಾಠವಾಗಿದ್ದ ಮಾತು. ಮನೆಯಲ್ಲಿ ಹಂಡೆ ತುಂಬ ನೀರಿತ್ತು. ಆದರೂ ಕೂಸನ್ನು ಎತ್ತಿಕೊಂಡು ಹೋಗಿ ಇವನ ಬಾಗಿಲಲ್ಲಿ ಅಪ್ಪಣೆಗೆ ನಿಂತಿದ್ದಳು. ಅವನ ಮೇಲಿದ್ದ ಸಿಟ್ಟು, ತನ್ನ ಮೇಲಿದ್ದ ಸಿಟ್ಟು ಎರಡೂ ಒಟ್ಟಿಗೆ ನುಗ್ಗಿ ಬಂದವು.

"ಸಾಕಾ? ನೀರಿದ್ರೆ ಸಾಕಾ? ಇಷ್ಟು ಚೆಂದಾಗಿ ಗೊತ್ತಿದ್ದೂ ಗೇಟಾಕ್ದೆಯಾ ನೀನು?"

ಅವನ ಕತ್ತಿನ ಹಿಂದೆ ಎಡಗೈ ಕೊಟ್ಟು ತಲೆಯನ್ನು ತೊಡೆಗೆ ಒರಗಿಸಿಕೊಂಡಳು. ಹಟ ಮಾಡುವ ಕೂಸಿಗೆ ಒಳಲೆಯಲ್ಲಿ ಔಷಧಿ ಕುಡಿಸುವಾಗ ಹಿಡಿಯುವಂತೆ ಎರಡು ಕೆನ್ನೆ ಅಮುಕಿದಳು. ಬಾಯಿ ತೆರೆಯಿತು. "ಕುಡಿ. ನಿನ್ನ ಒಪ್ಪೊತ್ತು ನನ್ನ ಕೈಲೇ ಮುರೀಲಿ. ಕುಡಿ ಅಂದ್ರೆ ಕುಡಿ" ಎನ್ನುತ್ತಾ ಚೂರುಚೂರೇ ಸಕ್ಕರೆ ನೀರು ಬಿಟ್ಟಳು. ಮೊದಲ ಗುಟುಕು ಹೊರಗೆ ಹರಿಯಿತು. ಎರಡನೆಯದು ಗಂಟಲಿಗಿಳಿಯಿತು. ಆಮೇಲೆ ಅವನ ಕೈಗಳೇ ಬಂದು ಚೊಂಬನ್ನು ಹಿಡಿದುಕೊಂಡವು.

ಚೊಂಬು ಖಾಲಿಯಾಗುವವರೆಗೂ ಅವಳು ಬೈಯುತ್ತಲೇ ಇದ್ದಳು. ಕುಡಿದು ಮುಗಿಸಿ ಅವನು ಗೋಡೆಗೊರಗಿ ಉಸಿರು ಬಿಟ್ಟ. ಹಣೆಯ ಬೆವರು ನಿಂತಿತು, ಆದರೆ ಕೈ ಇನ್ನೂ ನಡುಗುತ್ತಿತ್ತು. ಅನ್ನ ಉಣ್ಣಿಸು ಎಂದು ಮಾದಮ್ಮ ಹೇಳಿದ್ದಳಲ್ಲ. ಲೂರ್ದಮ್ಮ ತಟ್ಟೆಗೆ ಬಿಸಿ ಅನ್ನ ಹಾಕಿದಳು. ಒಳಗೆ ಮಜ್ಜಿಗೆ ಇತ್ತು, ಮಜ್ಜಿಗೆ ಕಲೆಸಿ ಕೊಡಬಹುದಿತ್ತು. ಅವಳು ಸಾರನ್ನೇ ಹಾಕಿದಳು, ಧಾರಾಳವಾಗಿ, ಮೇಲೆ ಎರಡು ತುಂಡೂ ಇಟ್ಟು.

ಇನ್ನಾಸಪ್ಪ ತಟ್ಟೆಯನ್ನು ಸರಿಯಾಗಿ ನೋಡಲೂ ಇಲ್ಲ. ಹಸಿದ ಪ್ರಾಣ ಕೈಗೆ ಸಿಕ್ಕದ್ದನ್ನು ಬಾಯಿಗೆ ತುಂಬಿಕೊಂಡಿತು. ಒಂದು ತುತ್ತು, ಇನ್ನೊಂದು ತುತ್ತು. ಅವಳು ನಿಂತು ನೋಡಿದಳು. ಕೊಪ್ಪಲಿನ ಉಪದೇಶಿ ಶುಭ ಶುಕ್ರವಾರದ ಮಧ್ಯಾಹ್ನ ಲೂರ್ದಮ್ಮನ ಅಂಗಳದಲ್ಲಿ ಕೋಳಿ ತಿನ್ನುತ್ತಿದ್ದಾನೆ. ಇಂಥದ್ದೊಂದು ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ, ಕಣ್ಣು ತುಂಬ ನೋಡಿಕೊಂಡಳು.

ಒಂದು ಮೂಳೆ ಹಲ್ಲಿಗೆ ಸಿಕ್ಕಿದಾಗ ಅವನು ನಿಂತ. ತಟ್ಟೆ ನೋಡಿದ, ಒಲೆ ನೋಡಿದ, ಅವಳನ್ನು ನೋಡಿದ. ಈಗ ಕಣ್ಣು ತಿಳಿಯಾಗಿತ್ತು, ಎಲ್ಲಿದ್ದೇನೆಂದು ಅವನಿಗೆ ತಿಳಿದುಹೋಗಿತ್ತು.

"ಕೋಳಿ" ಎಂದಳು ಲೂರ್ದಮ್ಮ. "ನಾಟಿ ಹುಂಜ. ಉಗುಳ್ತೀಯಾ?"

ಚರ್ಚಿನ ಕಡೆಯಿಂದ ಮರದ ಹಲಗೆ ಬಡಿಯುವ ಸದ್ದು ಕೇಳಿಸಿತು. ಗುರುವಾರ ಸಂಜೆಯಿಂದ ಹಬ್ಬದವರೆಗೆ ಗಂಟೆ ಬಾರಿಸುವುದಿಲ್ಲ, ಜನರನ್ನು ಕರೆಯಲು ಹಲಗೆಯನ್ನೇ ಬಡಿಯುತ್ತಾರೆ. ಮೂರು ಗಂಟೆಯ ಪ್ರಾರ್ಥನೆಗೆ ಸ್ವಾಮಿಗಳು ಬಂದಾಗಿತ್ತು. ಇನ್ನಾಸಪ್ಪ ಬಾಯಲ್ಲಿದ್ದದ್ದನ್ನು ಉಗುಳಲಿಲ್ಲ. ನಿಧಾನವಾಗಿ ಅಗಿದು ನುಂಗಿದ.

"ನಂಗೆ ಗೊತ್ತಿತ್ತು ಲೂರ್ದು" ಎಂದ.

"ಏನು?"

"ಅವತ್ತು. ನೀರಿದ್ರೆ ಸಾಕು ಅಂತ ಗೊತ್ತಿತ್ತು. ಅಣೆ ಮುಟ್ಟಿ ನೋಡ್ದೆನಲ್ಲ, ಸುಡ್ತಿತ್ತು. ತಪಸ್ಸುಕಾಲದಲ್ಲಿ ಒಬ್ರಿಗೆ ಮಾಡ್ಬುಟ್ರೆ ಎಲ್ಲಾರೂ ಕೇಳ್ತಾರೆ ಅಂತ..." ತಟ್ಟೆಯ ಅನ್ನವನ್ನು ಬೆರಳಲ್ಲಿ ಸರಿಸಿದ. "ಸಾಯಂಕಾಲ ಗೇಟ್ ತಗುದ್ರೆ ಬೆಳಿಗ್ಗೆ ಮಾಡಿದ್ದು ತಪ್ಪು ಅಂತಾಯ್ತದಲ್ಲ. ಅದುಕ್ಕೆ ತಗೀನಿಲ್ಲ."

ತಟ್ಟೆಯನ್ನು ಕಿತ್ತುಕೊಂಡು ಅವನ ತಲೆಗೆ ಚಚ್ಚಬೇಕು ಅನ್ನಿಸಿತು ಅವಳಿಗೆ. ಒಲೆಯಲ್ಲಿ ಸೌದೆ ಇತ್ತು, ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಕೈ ಏಳಲಿಲ್ಲ. ಇವನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದಳು.

"ಉಣ್ಣು" ಎಂದಳು. "ಮಾತಾಡ್ಬೇಡ. ನಾನು ಕ್ಷಮಿಸ್ಬುಟ್ಟೆ ಅಂತ ಅಂದ್ಕಬೇಡ. ಸಾಯೋಗಂಟ ಕ್ಷಮಿಸಲ್ಲ. ಉಣ್ಣು."

ಅವನು ತಟ್ಟೆ ಬಗ್ಗಿಸಿಕೊಂಡು ಉಂಡ. ಸಾರು ಬೆರಳಿನಿಂದ ಮೊಳಕೈಗೆ ಇಳಿಯಿತು.

ಗೋಡೆಯ ಆಚೆ ಮಾತು ಕೇಳಿಸಿತು. "ಉಪದೇಶಿಗಳು ಎಲ್ಲೋದ್ರು? ಶಿಲುಬೆ ಇಡ್ಕಳೋರು ಅವ್ರಲ್ವಾ" ಎಂದು ಒಂದು ಗಂಟಲು. "ಈ ಕಡೆ ಬಂದಂಗಾಯ್ತು, ನೋಡ್ತೀನಿ ಸ್ವಾಮಿ" ಎಂದದ್ದು ಚೌರಪ್ಪ. ಅವನ ಹಿಂದೆ ಹತ್ತಾರು ಕಾಲುಗಳ ಸದ್ದು ಕಿರುದಾರಿಗೆ ಇಳಿಯಿತು. ಸ್ವಾಮಿಗಳು ಬರುತ್ತಿದ್ದಾರೆ, ಗಂಡ ಬರುತ್ತಿದ್ದಾನೆ, ಕೊಪ್ಪಲೇ ಬರುತ್ತಿದೆ. ಇವಳು ಏನೂ ಹೇಳಬೇಕಾಗಿಲ್ಲ. ಬಿಳಿ ಮೀಸೆಯ ತುಂಬ ಅರಿಸಿನ ಬಣ್ಣದ ಎಣ್ಣೆ, ಗಲ್ಲದ ಮೇಲೆ ಒಂದು ಎಳೆ ಮಾಂಸ. ಬಂದವರು ಒಮ್ಮೆ ನೋಡಿದರೆ ಸಾಕು, ಇನ್ನು ಇವನ ಮಾತಿಗೆ ಈ ಊರಿನಲ್ಲಿ ಒಂದು ಮಗುವೂ ಕೈ ಕಟ್ಟಿ ನಿಲ್ಲುವುದಿಲ್ಲ.

ಇನ್ನಾಸಪ್ಪನಿಗೂ ಅದು ಗೊತ್ತಾಗಿತ್ತು. ಅವನು ಮುಖ ಮುಚ್ಚಿಕೊಳ್ಳಲಿಲ್ಲ, ಬಾಯಿಗೆ ಕೈ ಒಯ್ಯಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು, ಅಂಗಳದ ಬಾಗಿಲ ಕಡೆಗೆ ಮುಖವೆತ್ತಿ ಕುಳಿತ.

"ಒರುಸ್ಕೊ" ಎಂದಳು ಲೂರ್ದಮ್ಮ.

"ಬುಡು. ನೋಡ್ಲಿ."

"ಒರುಸ್ಕೊ ಅಂದೆ."

"ನೋಡ್ಲಿ ಬುಡು ಲೂರ್ದು. ನಿಂಗೆ ಬೇಕಾಗಿದ್ದು ಅದೇ ಅಲ್ವಾ."

ಅದೇ ಬೇಕಾಗಿತ್ತು. ಇಷ್ಟು ವರ್ಷ ಉರಿ ಹಾಕಿ ಕಾದದ್ದು ಅದಕ್ಕೇ. ತಡಿಕೆ ಬಾಗಿಲಿನ ಸಂದಿಯಲ್ಲಿ ಚೌರಪ್ಪನ ಶರ್ಟು ಕಂಡಿತು. ಲೂರ್ದಮ್ಮ ಕಾಲಿನಿಂದ ತಟ್ಟೆಯನ್ನು ಕೋಳಿ ಮಂಕರಿಯ ಹಿಂದಕ್ಕೆ ತಳ್ಳಿದಳು. ಮಂಡಿಯೂರಿ, ಸೆರಗಿನ ತುದಿ ಎಳೆದು, ಅವನ ಗಲ್ಲವನ್ನು ಒಂದು ಕೈಯಲ್ಲಿ ಹಿಡಿದಳು. "ಮುಂಡೇಗಂಡ, ನಿನ್ನ ಮನೆ ಹಾಳಾಗ" ಎಂದು ಹಲ್ಲಿನ ನಡುವೆಯೇ ಬೈಯುತ್ತಾ ಮೀಸೆ ಒರೆಸಿದಳು, ತುಟಿ ಒರೆಸಿದಳು, ಗಲ್ಲ ತಿಕ್ಕಿದಳು. ಅವನು ಕಣ್ಣು ಮುಚ್ಚಿಕೊಂಡು, ಅವಳು ತಿರುಗಿಸಿದ ಕಡೆಗೆಲ್ಲ ಮುಖ ಕೊಟ್ಟ.

ಬಾಗಿಲು ತೆರೆದುಕೊಂಡಿತು. ಚೌರಪ್ಪ, ಹಿಂದೆ ಸ್ವಾಮಿಗಳು, ಅವರ ಹಿಂದೆ ಜನ. ಎಲ್ಲರ ಕಣ್ಣು ಒಲೆಯ ಮೇಲಿನ ಪಾತ್ರೆಗೆ ಹೋಗಿ, ಗೋಡೆಗೊರಗಿದ ಮುದುಕನ ಮೇಲೆ ನಿಂತಿತು.

"ಏನಾಯ್ತು ಲೂರ್ದು?" ಎಂದ ಚೌರಪ್ಪ.

ಲೂರ್ದಮ್ಮ ಎದ್ದಳು. "ತಲೆ ಸುತ್ತು ಬಂದು ಬಿದ್ದೋಗಿದ್ರು. ಮಾದಮ್ಮ ಆಟೋ ತರಕ್ಕೋಗವ್ಳೆ. ನೀರು ಕೊಟ್ಟೆ" ಎಂದಳು. ಎಣ್ಣೆ ಹಿಡಿದ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಬಿಗಿಯಾಗಿ ಮುಚ್ಚಿಕೊಂಡು, ಅವರೆಲ್ಲ ಒಳಗೆ ಬರಲೆಂದು ಪಕ್ಕಕ್ಕೆ ಸರಿದು ನಿಂತಳು.